ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ‘ದಾಖಲೆ ಸಿಗುತ್ತಿಲ್ಲ’ ಎಂದರೆ
ಓದಲು ಅಮೆರಿಕಕ್ಕೆ ಬಂದ ನಾಲ್ಕೇ ದಿನಕ್ಕೆ, ಕ್ಯಾಂಪಸ್ ಕೆಲಸಕ್ಕಾಗಿ ಸೋಶಿಯಲ್ ಸೆಕ್ಯುರಿಟಿ ನಂಬರಿಗೆ (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಅರ್ಜಿ ಹಾಕಲು ಹೋಗಿದ್ದೀರಿ, ‘ದಾಖಲೆ ಸಿಗುತ್ತಿಲ್ಲ’ ಎಂದು ವಾಪಸ್ ಕಳಿಸಿದರು ಎಂದಿರಿ. ಇಷ್ಟು ಬೇಗ ಹೋಗಿದ್ದೇ ಬಹುಶಃ ಅದಕ್ಕೆ ಕಾರಣ, ನಿಮ್ಮ ವಿವರ ಅವರ ಕಂಪ್ಯೂಟರಿಗೆ ಇನ್ನೂ ತಲುಪಿಲ್ಲ. ನನಗೂ ಹೀಗೇ ಆಗಿತ್ತು. ಮೊದಲು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರಿ ವ್ಯವಸ್ಥೆ) ನೋಂದಣಿ ಆಗಿದೆಯಾ ಕೇಳಿ. ಆಗಿದ್ದರೆ ಅಲ್ಲಿಂದ 2 ದಿನ, ದೇಶಕ್ಕೆ ಬಂದು ಕನಿಷ್ಠ 10 ದಿನ ಕಳೆಯಲಿ.

ಅಷ್ಟರಲ್ಲಿ ಐ-94 (ದೇಶಕ್ಕೆ ಬಂದಿದ್ದರ ಆನ್‌ಲೈನ್ ದಾಖಲೆ) ತೆರೆದು ಹೆಸರು, ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇವೆಯಾ ನೋಡಿ. ಇನಿಷಿಯಲ್, ಸರ್‌ನೇಮ್ ಗೊಂದಲ ನಮ್ಮವರಿಗೆ ಜಾಸ್ತಿ, ಇದನ್ನು ಮಾತ್ರ ಬಿಡಬೇಡಿ. ತಪ್ಪಿದ್ದರೆ ಎಷ್ಟು ಕಾದರೂ ಪ್ರಯೋಜನವಿಲ್ಲ, ಗಡಿಯಲ್ಲಿ ತಪಾಸಣೆ ಮಾಡುವ ಕಸ್ಟಮ್ಸ್ ಅಂಡ್ ಬಾರ್ಡರ್ ಪ್ರೊಟೆಕ್ಷನ್‌ನವರಿಂದಲೇ ತಿದ್ದಿಸಬೇಕು.

ಆಮೇಲೆ ಪಾಸ್‌ಪೋರ್ಟ್, ಐ-20 (ಯೂನಿವರ್ಸಿಟಿ ಕೊಟ್ಟ ಪ್ರವೇಶದ ಫಾರಂ), ಐ-94, ಕೆಲಸ ಕೊಟ್ಟ ವಿಭಾಗದ ಪತ್ರ, ಡಿಎಸ್ಒ (ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಪತ್ರ ಹಿಡಿದು ಹೋಗಿ. ನಂಬರ್ ಬರುವ ಮೊದಲೂ ಕ್ಯಾಂಪಸ್ ಕೆಲಸ ಶುರು ಮಾಡಬಹುದು, ಕಾನೂನಿನ ಅಡ್ಡಿಯಿಲ್ಲ.