ನಿಮ್ಮ ದಾಳದ ಲೇಖನ ಯಾಕೆ ವಾಪಸ್ ಬಂತು ಅಂದ್ರೆ

ನಮಸ್ಕಾರ,

ದಾಳ ಉರುಳಿಸೋ ಕೋಡ್‌ಗೆ ಯಾವ ರ‍್ಯಾಂಡಮ್ ನಂಬರ್ ಜನರೇಟರ್ (ಕ್ರಮವಿಲ್ಲದ ಹಾಗೆ ಕಾಣೋ ಸಂಖ್ಯೆ ಕೊಡೋ ಕೋಡ್) ಒಳ್ಳೇದು ಅಂತ ನೀವು ಬರೆದಿರೋ ಲೇಖನ ಪೂರ್ತಿ ಓದಿದೆ, ಜೊತೆಗೆ ಕಳಿಸಿದ ಕೋಡನ್ನೂ ಓಡಿಸಿ ನೋಡಿದೆ. ಈಗಿರೋ ಹಾಗೆ ಇದನ್ನ ಹಾಕೋಕಾಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ಕೈಬಿಡಿ ಅಂತ ಹೇಳೋಕೆ ಬರೀತಿಲ್ಲ, ಯಾಕಂದ್ರೆ ನೀವು ಹಾಕಿರೋ ಟೇಬಲ್ಲಲ್ಲೇ ಒಂದು ತುಂಬಾ ಒಳ್ಳೇ ವಿಷಯ ಇದೆ, ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೇ.

ನೀವು ತಗೊಂಡಿರೋದು ಮೂರು ಜನರೇಟರ್: ನೀವೇ ಬರೆದಿರೋ ಲೀನಿಯರ್ ಕಾಂಗ್ರುಯೆನ್ಷಿಯಲ್ (ಹಿಂದಿನ ಸಂಖ್ಯೇನ ಗುಣಿಸಿ, ಕೂಡಿಸಿ, ಶೇಷ ತಗೊಳ್ಳೋ ವಿಧಾನ), ಪೈಥಾನ್‌ನ ರ‍್ಯಾಂಡಮ್ ಮಾಡ್ಯೂಲ್ ಒಳಗಿರೋ ಮರ್ಸೆನ್ ಟ್ವಿಸ್ಟರ್, ಮತ್ತೆ ಆಪರೇಟಿಂಗ್ ಸಿಸ್ಟಮ್‌ನಿಂದ ನಂಬರ್ ತರೋ ಸೀಕ್ರೆಟ್ಸ್ ಮಾಡ್ಯೂಲ್. ಒಂದೊಂದರಲ್ಲೂ 600 ಸಲ ದಾಳ ಹಾಕಿ, ಯಾವ ಮುಖ ಎಷ್ಟು ಸಲ ಬಿತ್ತು ಅಂತ ಎಣಿಸಿ, ಎಲ್ಲಾ ಮುಖಾನೂ 100ರ ಹತ್ರ ಯಾರದ್ದು ಇದೆಯೋ ಅವರೇ ಗೆದ್ರು ಅಂತ ತೀರ್ಪು ಕೊಟ್ಟಿದೀರಿ. ನಿಮ್ಮ ಜನರೇಟರ್‌ದು 97, 104, 102, 95, 101, 101. ಮರ್ಸೆನ್ ಟ್ವಿಸ್ಟರ್‌ದು 88, 109, 113, 92, 105, 93. ಹಾಗಾಗಿ ಮರ್ಸೆನ್ ಟ್ವಿಸ್ಟರ್ ನಿರಾಸೆ ಮಾಡ್ತು, ನಾಲ್ಕು ಸಾಲಿನ ನಿಮ್ಮ ಕೋಡೇ ಗೆದ್ದಿತು ಅಂತ ಮುಗಿಸಿದೀರಿ.

ತೀರ್ಪು ಪೂರಾ ತಿರುವುಮುರುವಾಗಿದೆ. ನ್ಯಾಯವಾದ ದಾಳಾನ 600 ಸಲ ಹಾಕಿದ್ರೆ ಒಂದು ಮುಖ ಸರಾಸರಿ 100 ಸಲ ಬರುತ್ತೆ ನಿಜ, ಆದ್ರೆ ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಮಾಮೂಲಾಗಿ ಎಷ್ಟು ಆಚೀಚೆ ಆಗುತ್ತೆ ಅನ್ನೋ ಅಳತೆ) ಸುಮಾರು 9, ಅಂದ್ರೆ 88 ಬರೋದು 113 ಬರೋದು ಎಲ್ಲಾ ಮಾಮೂಲಿ. ಕೈ ಸ್ಕ್ವೇರ್ ಲೆಕ್ಕ ಹಾಕಿ ನೋಡಿ, ಪ್ರತಿ ಮುಖಕ್ಕೂ 100ರಿಂದ ಎಷ್ಟು ದೂರ ಅನ್ನೋದರ ವರ್ಗ ತಗೊಂಡು 100ರಿಂದ ಭಾಗಿಸಿ ಕೂಡಿಸೋದು ಅಷ್ಟೇ. ಆರು ಮುಖದ ದಾಳಕ್ಕೆ ಅದು ಸರಾಸರಿ 5 ಬರಬೇಕು. ಮರ್ಸೆನ್‌ದು 5.32, ಅಂದ್ರೆ ಎಲ್ಲಿರಬೇಕೋ ಅಲ್ಲೇ ಇದೆ. ನಿಮ್ಮದು 0.56. ಇಷ್ಟು ಕಮ್ಮಿ ನೂರರಲ್ಲಿ ಒಂದು ಸಲ ಬಂದ್ರೆ ಹೆಚ್ಚು. ಈ ಲೆಕ್ಕ 11.07 ದಾಟಿದ್ರೆ ಮಾತ್ರ ಅನುಮಾನ ಪಡಬೇಕು ಅಂತ ನೀವು ಬರೆದಿರೋದು ಅರ್ಧ ಸತ್ಯ, ಲೆಕ್ಕ ತೀರಾ ಸಲೀಸಾಗಿ ಕೂತ್ರೂ ಅನುಮಾನ ಪಡಬೇಕು. 1, 2, 3, 4, 5, 6 ಅಂತ ಅದೇ ಸರದಿಲಿ ನೂರು ಸಲ ಬರೆದ್ರೂ ನಿಮ್ಮ ಪರೀಕ್ಷೇಲಿ ಅದಕ್ಕೇ ಫಸ್ಟ್ ಪ್ರೈಜ್ ಸಿಗುತ್ತಲ್ವಾ?

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಿಮ್ಮ ಸಾಲಿನಲ್ಲಿ ಬೆಸ ಮುಖಗಳನ್ನ ಕೂಡಿಸಿ, 97, 102, 101, ಒಟ್ಟು 300. ಸಮ ಮುಖಗಳು 104, 95, 101, ಅದೂ ಸರಿಯಾಗಿ 300. ಮರ್ಸೆನ್‌ದರಲ್ಲಿ 306, 294. ಸರಿಸಮ 300 ಬಂದಿದ್ದು ಅದೃಷ್ಟದಿಂದ ಅಲ್ಲ. ನಿಮ್ಮ ಕೋಡಲ್ಲಿ ಹಿಂದಿನ ಸಂಖ್ಯೇನ 1103515245ರಿಂದ ಗುಣಿಸಿ, 12345 ಕೂಡಿಸಿ, 2ರ 31ನೇ ಘಾತದಿಂದ ಭಾಗಿಸಿ ಶೇಷ ಇಟ್ಕೊಳ್ತೀರಿ, ಆಮೇಲೆ ಅದನ್ನ ಹಾಗೇ 6ರಿಂದ ಭಾಗಿಸಿ ಶೇಷಕ್ಕೆ 1 ಸೇರಿಸ್ತೀರಿ. ಗುಣಿಸೋ ಸಂಖ್ಯೆ ಬೆಸ, ಕೂಡಿಸೋದೂ ಬೆಸ, ಭಾಗಿಸೋದು ಎರಡರ ಘಾತ. ಹಾಗಾಗಿ ಸಮ ಸಂಖ್ಯೆ ಆದಮೇಲೆ ಬೆಸ ಬರಲೇಬೇಕು, ಬೆಸ ಆದಮೇಲೆ ಸಮ ಬರಲೇಬೇಕು, ಬೇರೆ ದಾರಿನೇ ಇಲ್ಲ. 6 ಸಮ ಸಂಖ್ಯೆ ಆಗಿರೋದ್ರಿಂದ ಅದರಿಂದ ಶೇಷ ತೆಗೆದ್ರೂ ಸಮ ಬೆಸ ಬದಲಾಗಲ್ಲ. ಸೀಡ್, ಅಂದ್ರೆ ಶುರು ಮಾಡೋ ಸಂಖ್ಯೆ, 1 ಅಂತ ಕೊಟ್ಟು ಓಡಿಸಿದ್ರೆ ಮೊದಲು ಬೀಳೋದು 1, 4, 5, 2, 5, 4, 3, 4. ಬೆಸ, ಸಮ, ಬೆಸ, ಸಮ, ಕೊನೇವರೆಗೂ ಹೀಗೇ.

ಇದನ್ನೇ ಎರಡು ದಾಳದ ಆಟಕ್ಕೆ ಹಾಕಿ ನೋಡಿ, ಆಗ ಗೊತ್ತಾಗುತ್ತೆ ಎಷ್ಟು ದೊಡ್ಡ ಅನಾಹುತ ಅಂತ. ಮೇಲಿನದನ್ನೇ ಜೋಡಿ ಮಾಡಿದ್ರೆ ಮೊತ್ತ 5, 7, 9, 7. ಒಂದು ಬೆಸ ಒಂದು ಸಮ ಕೂಡಿದ್ರೆ ಯಾವಾಗ್ಲೂ ಬೆಸಾನೇ, ಅಂದ್ರೆ 2, 4, 6, 8, 10, 12 ಈ ಜನರೇಟರ್‌ನಲ್ಲಿ ಎಷ್ಟು ಹೊತ್ತು ಆಡಿದ್ರೂ ಬೀಳಲ್ಲ. ಎರಡು ಆರು ಒಟ್ಟಿಗೆ ಬೀಳಲ್ಲ, ಒಂದೇ ಮುಖದ ಯಾವ ಜೋಡಿನೂ ಬೀಳಲ್ಲ. ಮೊದಲ ದಾಳ ಅಡ್ಡಕ್ಕೆ, ಎರಡನೇದು ಉದ್ದಕ್ಕೆ ಇಟ್ಟು 36 ಚೌಕ ಬರೆದು ತುಂಬಿಸ್ತಾ ಹೋಗಿ, 27 ಚೌಕ ಖಾಲಿನೇ ಉಳಿಯುತ್ತೆ. 7ರ ಗರ ಆರಕ್ಕೊಂದು ಬೀಳೋ ಬದಲು ಹತ್ತಿರ ಹತ್ತಿರ ಮೂರಕ್ಕೊಂದು ಬೀಳುತ್ತೆ. ಒಂದೊಂದು ಮುಖಾನ ಬಿಡಿಬಿಡಿಯಾಗಿ ಎಣಿಸಿದ್ರೆ ಇದ್ಯಾವುದೂ ಕಾಣಿಸಲ್ಲ, ನೀವು ಎಣಿಸಿದ್ದು ಅದನ್ನ ಮಾತ್ರ. ನಿಮ್ಮ ಲೇಖನ ಹೇಳಬೇಕಿರೋದು ಇದನ್ನೇ ಅಂತ ನನಗನ್ಸುತ್ತೆ: ಎಷ್ಟು ಸಲ ಬಿತ್ತು ಅನ್ನೋದರ ಜೊತೆಗೆ ಯಾವುದಾದಮೇಲೆ ಯಾವುದು ಬಿತ್ತು ಅಂತ ನೋಡದೇ ಜನರೇಟರ್‌ಗಳನ್ನ ಹೋಲಿಸೋಕಾಗಲ್ಲ.

ನಿಮ್ಮ ಕೋಡಿನ 1103515245 ಮತ್ತು 12345 ಸಿ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ ಉದಾಹರಣೆಗೆ ಕೊಟ್ಟಿರೋ ರ‍್ಯಾಂಡ್ ಫಂಕ್ಷನ್‌ನವು. ಅಲ್ಲಿ ಇನ್ನೊಂದು ಹೆಜ್ಜೆ ಇದೆ, ಬಂದ ಸಂಖ್ಯೇನ 65536ರಿಂದ ಭಾಗಿಸಿ ಕೆಳಗಿನ 16 ಬಿಟ್ (ಬೈನರಿಯಲ್ಲಿ ಬರೆದಾಗ ಬಲತುದಿಯ 16 ಅಂಕಿ) ಬಿಸಾಕ್ತಾರೆ. ಕೆಳಗಿನ ಬಿಟ್‌ಗಳು ಬೇಗ ಬೇಗ ಮರುಕಳಿಸ್ತವೆ ಅಂತ ಗೊತ್ತಿದ್ದೇ ಆ ಹೆಜ್ಜೆ ಇಟ್ಟಿರೋದು. ನಿಮ್ಮ ಕೋಡಲ್ಲಿ ಆ ಭಾಗಾಕಾರ ಬಿಟ್ಟುಹೋಗಿದೆ. ಅದನ್ನ ಸೇರಿಸಿ ಮತ್ತೆ ಓಡಿಸಿ, ಎರಡೂ ಟೇಬಲ್ ಅಕ್ಕಪಕ್ಕ ಹಾಕಿ, ಓದೋರಿಗೆ ಅದಕ್ಕಿಂತ ಚೆನ್ನಾಗಿ ಅರ್ಥ ಮಾಡಿಸೋಕಾಗಲ್ಲ.

ಮಾಡ್ಯುಲೋ ಬಯಾಸ್ (ಶೇಷ ತೆಗೆಯೋವಾಗ ಕೆಲವು ಮುಖಕ್ಕೆ ಜಾಸ್ತಿ ಅವಕಾಶ ಸಿಗೋದು) ಬಗ್ಗೆ ನೀವು ಬರೆದಿರೋದು ಅರ್ಧ ಲೇಖನ ತಿಂದಿದೆ, ಅದನ್ನ ಒಂದು ಪ್ಯಾರಾಕ್ಕೆ ಇಳಿಸಿ. 0ಯಿಂದ 32767ರವರೆಗೆ ಬರೋ ಸಂಖ್ಯೇಲಿ 6ರ ಶೇಷ ತೆಗೆದ್ರೆ ಎರಡು ಮುಖಕ್ಕೆ 5462 ಅವಕಾಶ, ಉಳಿದ ನಾಲ್ಕಕ್ಕೆ 5461. ಬಯಾಸ್ ಇದೆ, ಇಲ್ಲ ಅನ್ನಲ್ಲ, ಆದ್ರೆ ಅದು ಎಣಿಕೇಲಿ ಕಾಣಿಸಬೇಕಾದ್ರೆ ನೂರು ಕೋಟಿ ಸಲಕ್ಕೂ ಜಾಸ್ತಿ ದಾಳ ಹಾಕಬೇಕು, 600 ಸಲಕ್ಕೆ ಕಾಣಿಸ್ತು ಅಂತ ಬರೆದಿರೋದನ್ನ ತೆಗೆದುಬಿಡಿ. ಒಂದೇ ಬೈಟ್ (0ಯಿಂದ 255ರವರೆಗಿನ ಸಂಖ್ಯೆ) ತಗೊಂಡ್ರೆ ಕಥೆ ಬೇರೆ, 256ರಲ್ಲಿ ನಾಲ್ಕು ಮುಖಕ್ಕೆ 43, ಎರಡಕ್ಕೆ 42, ಅದು ಶೇಕಡಾ ಎರಡಕ್ಕಿಂತ ಜಾಸ್ತಿ ವ್ಯತ್ಯಾಸ, ಉದಾಹರಣೆಗೆ ಇದನ್ನ ಬಳಸಿ. ಮೂರು ಜನರೇಟರ್‌ಗೂ ಈ ಬಯಾಸ್ ಇದೆ ಅಂದಿರೋದೂ ಸರಿಯಲ್ಲ. ಪೈಥಾನ್‌ನಲ್ಲಿ ರ‍್ಯಾಂಡ್‌ಇಂಟ್ ಮೂರು ಬಿಟ್ ತಗೊಳ್ಳುತ್ತೆ, ಎಂಟು ಸಾಧ್ಯತೇಲಿ 6 ಅಥವಾ 7 ಬಂದ್ರೆ ಬಿಸಾಕಿ ಮತ್ತೆ ತಗೊಳ್ಳುತ್ತೆ, ಹಾಗಾಗಿ ಎಲ್ಲಾ ಮುಖಕ್ಕೂ ಸಮಪಾಲು.

ಪೀರಿಯಡ್, ಅಂದ್ರೆ ಸಂಖ್ಯೆಗಳ ಸರಣಿ ಮತ್ತೆ ಮೊದಲಿಂದ ಶುರುವಾಗೋವರೆಗಿನ ಉದ್ದ, ಜಾಸ್ತಿ ಇದ್ರೆ ಒಳ್ಳೇ ಜನರೇಟರ್ ಅನ್ನೋ ಸಾಲೂ ಬೇಡ. 1960ರ ದಶಕದಲ್ಲಿ ಐಬಿಎಂ ಮಷೀನ್‌ಗಳಲ್ಲಿ ಓಡ್ತಿದ್ದ ರ‍್ಯಾಂಡು ಅನ್ನೋ ಜನರೇಟರ್‌ಗೆ 53 ಕೋಟಿ ದಾಟಿದ ಪೀರಿಯಡ್ ಇತ್ತು, ಆದ್ರೂ ಅದರ ಮೂರು ಮೂರು ಸಂಖ್ಯೇನ ಘನದೊಳಗೆ ಚುಕ್ಕಿ ಮಾಡಿ ಇಟ್ರೆ ಎಲ್ಲಾ ಬರೀ 15 ಸಮತಲಗಳ ಮೇಲೆ ಬೀಳುತ್ತೆ. ಗುಣಿಸಿ ಶೇಷ ತೆಗೆಯೋ ಈ ಥರದ ಜನರೇಟರ್‌ಗಳ ಸಂಖ್ಯೆ ಹೀಗೆ ಸಮತಲಗಳ ಮೇಲೇ ಕೂರುತ್ತೆ ಅಂತ ಗಣಿತಜ್ಞ ಮಾರ್ಸಾಗ್ಲಿಯಾ 1968ರಲ್ಲೇ ತೋರಿಸಿದ್ರು. ಮರ್ಸೆನ್ ಟ್ವಿಸ್ಟರ್‌ದು ಪೀರಿಯಡ್ 2ರ 19937ನೇ ಘಾತದಿಂದ 1 ಕಳೆದಷ್ಟು, ಸಿಮ್ಯುಲೇಷನ್‌ಗೆ ಧಾರಾಳ ಸಾಕು, ಆದ್ರೆ ಅದರ 32 ಬಿಟ್‌ನ 624 ಔಟ್‌ಪುಟ್ ಸತತವಾಗಿ ಸಿಕ್ಕಿದ್ರೆ ಮುಂದೆ ಬರೋದೆಲ್ಲಾ ಲೆಕ್ಕ ಹಾಕಿ ಹೇಳಬಹುದು. ದುಡ್ಡು ಕಟ್ಟಿ ಆಡೋ ಕಡೆ ಸೀಕ್ರೆಟ್ಸ್ ಬೇಕಾಗೋದು ಇದಕ್ಕೇ. ನೀವು ಅದನ್ನ ‘ನಿಧಾನ’ ಅಂತ ಒಂದೇ ಪದದಲ್ಲಿ ಮುಗಿಸಿದೀರಿ, ಅದು ಅನ್ಯಾಯ.

ಶುರುವಿನಲ್ಲಿರೋ ಕಂಪ್ಯೂಟರ್ ಇತಿಹಾಸ ಪೂರ್ತಿ ತೆಗೀರಿ. ಅಸಲಿ ದಾಳ ಪಕ್ಕಾ ರ‍್ಯಾಂಡಮ್, ಕೋಡ್ ಬರೀ ನಕಲು ಅಂತ ಅಲ್ಲಿ ಹೇಳಿದೀರಲ್ಲ, ಅದಕ್ಕೂ ಆಧಾರ ಇಲ್ಲ. ವೆಲ್ಡನ್ ಅನ್ನೋ ಇಂಗ್ಲಿಷ್ ಜೀವವಿಜ್ಞಾನಿ 12 ದಾಳಗಳನ್ನ ಒಟ್ಟಿಗೆ 26,306 ಸಲ ಹಾಕಿಸಿ 1894ರಲ್ಲಿ ಲೆಕ್ಕ ಕೊಟ್ಟಿದ್ರು, ಅದರಲ್ಲಿ 5 ಮತ್ತು 6 ಬರಬೇಕಾದ್ದಕ್ಕಿಂತ ಜಾಸ್ತಿ ಬಂದಿತ್ತು, 0.3333 ಇರಬೇಕಾದಲ್ಲಿ 0.3377. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ ಸ್ಕ್ವೇರ್ ಪರೀಕ್ಷೆ ಮುಂದಿಟ್ಟಾಗ ಇದೇ ಲೆಕ್ಕಾನ ತಗೊಂಡು ಪರೀಕ್ಷಿಸಿದ್ರು. ನೀವು ಬಳಸಿರೋ ಪರೀಕ್ಷೇನೇ ದಾಳದ ಜೊತೆ ಬಂದಿದ್ದು ನೋಡಿ, ಇದಕ್ಕಿಂತ ಒಳ್ಳೇ ಆರಂಭ ಇನ್ನೇನು ಬೇಕು.

ಭಾಷೆ ಚೆನ್ನಾಗಿದೆ, ಕೋಡ್ ವಿವರಿಸೋವಾಗ ನೀವು ಓದೋರನ್ನ ಎಲ್ಲೂ ಕೈಬಿಡಲ್ಲ, ಅದು ಎಲ್ಲರಿಗೂ ಬರೋ ಗುಣ ಅಲ್ಲ. ಬಾರ್ ಚಾರ್ಟ್ ಮೂರೂ ತೆಗೆದು ಆ 36 ಚೌಕದ ಟೇಬಲ್ ಹಾಕಿ. ಗೆದ್ದೋರು ಸೋತೋರು ಅನ್ನೋ ಚೌಕಟ್ಟು ಬಿಟ್ಟು, ಎಣಿಕೇಲಿ ಎಲ್ಲಕ್ಕಿಂತ ಚೆನ್ನಾಗಿ ಕಂಡ ಜನರೇಟರ್ ಜೋಡಿ ದಾಳದಲ್ಲಿ ಹೇಗೆ ಸಿಕ್ಕಿಬಿತ್ತು ಅಂತ ಬರ್ಕೊಂಡು ಹೋಗಿ. ಪ್ರತಿ ಟೇಬಲ್ ಕೆಳಗೂ ಯಾವ ಸೀಡ್ ಅಂತ ಬರೀರಿ, ಇಲ್ದಿದ್ರೆ ಓದೋರು ತಾವೇ ಓಡಿಸಿ ಹೋಲಿಸಿ ನೋಡೋಕೆ ಆಗಲ್ಲ. ತಿದ್ದಿದ ಪ್ರತಿ ಬಂದ ತಕ್ಷಣ ಕೋಡ್ ಮತ್ತೆ ಓಡಿಸಿ ನೋಡಿ ನಿಮಗೆ ಬರೀತೀನಿ.