ಹಳೆಯ ಸಿಡಿ ಪ್ಲೇಯರ್ ಹಾಡು ಹಾರಿಸುತ್ತಿದ್ದರೆ ಲೆನ್ಸ್ ಬದಲಿಸಲೇಬೇಕಾ?

ಪ್ರಶ್ನೆ: ಅಪ್ಪ 1990ರ ದಶಕದಲ್ಲಿ ಕೊಂಡ ಸಿಡಿ ಪ್ಲೇಯರ್ ಈಗ ಹಾಡಿನ ಮಧ್ಯೆ ಹಾರುತ್ತಿದೆ. ಅಂಗಡಿಯಲ್ಲಿ ತೋರಿಸಿದರೆ "ಲೆನ್ಸ್ ಹೋಗಿದೆ, ಪಾರ್ಟ್ ಸಿಗಲ್ಲ, ಬಿಟ್ಬಿಡಿ" ಅಂದರು. ಮನೆಯಲ್ಲೇ ಏನಾದರೂ ಮಾಡಬಹುದಾ?

ಉತ್ತರ:

ದಯವಿಟ್ಟು ಈಗಲೇ ಬಿಡಬೇಡಿ. ನನ್ನ ಪ್ಲೇಯರ್ ನೋಡಿದವರೂ ಇದೇ ಮಾತು ಹೇಳಿದ್ದರು. ಅದು ಇವತ್ತಿಗೂ ಹಾಡುತ್ತಿದೆ, ಅದೇ ಹಳೆಯ ಲೆನ್ಸಿನಲ್ಲಿ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪೆನ್ನು, ಹಾಳೆ ತಗೊಂಡು ಕೂತುಕೊಳ್ಳಿ. ಗೀರಿಲ್ಲದ ಮೂರು ಸಿಡಿ ಆರಿಸಿ. ಕಂಪನಿಯ ಸಿಡಿಗಳೇ ಆಗಿರಲಿ, ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ್ದು ಬೇಡ. ಒಂದೊಂದನ್ನೂ ಮೊದಲಿಂದ ಕೊನೆಯವರೆಗೆ ಓಡಿಸಿ. ಡಿಸ್ಕ್ ಶುರುವಾಗಿ ಎಷ್ಟನೇ ನಿಮಿಷಕ್ಕೆ ಹಾರಿತು ಅಂತ ಬರೆದುಕೊಳ್ಳಿ. ತೊಂದರೆ ಎಲ್ಲಿದೆ ಅನ್ನುವುದನ್ನು ಮುಕ್ಕಾಲು ಪಾಲು ಆ ಹಾಳೆಯೇ ಹೇಳಿಬಿಡುತ್ತದೆ.

ಯಾಕೆ ಅಂದರೆ, ಸಿಡಿಯಲ್ಲಿ ಹಾಡು ಶುರುವಾಗುವುದು ನಡುವಿನ ತೂತಿನ ಹತ್ತಿರ. ಅಲ್ಲಿಂದ ಸುರುಳಿ ಸುತ್ತುತ್ತಾ ಅಂಚಿನ ಕಡೆಗೆ ಹೋಗುತ್ತದೆ. ಗ್ರಾಮಫೋನ್ ತಟ್ಟೆಗೆ ಪೂರ್ತಿ ಉಲ್ಟಾ. ಸುತ್ತಿಗೂ ಸುತ್ತಿಗೂ ನಡುವೆ ಇರುವ ಅಂತರ 1.6 ಮೈಕ್ರಾನ್ ಮಾತ್ರ. ಒಂದು ತಲೆಕೂದಲಿನ ದಪ್ಪದಲ್ಲಿ ಸುಮಾರು 40 ಸುತ್ತು ಹಿಡಿಸುತ್ತವೆ. ಶುರುವಿನಲ್ಲಿ ಡಿಸ್ಕ್ ನಿಮಿಷಕ್ಕೆ 500 ಸುತ್ತು ತಿರುಗುತ್ತದೆ, ಕೊನೆಗೆ ಬರುವಾಗ ವೇಗ 200ಕ್ಕೆ ಇಳಿದಿರುತ್ತದೆ. ಹಾಗಾಗಿ ಎಷ್ಟನೇ ನಿಮಿಷಕ್ಕೆ ಹಾರಿತು ಅಂತ ಗೊತ್ತಾದರೆ, ಡಿಸ್ಕ್ ಓದುವ ಲೇಸರ್ ಆಗ ಯಾವ ಜಾಗದಲ್ಲಿತ್ತು, ಮೋಟರ್ ಎಷ್ಟು ಜೋರಾಗಿ ತಿರುಗುತ್ತಿತ್ತು ಅನ್ನುವುದೂ ಗೊತ್ತಾದ ಹಾಗೆ.

ನನ್ನ ಕಥೆ ಹೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪೂ ನೀರೊಡೆಯುವ ಊರು. ಅಲ್ಲಿ ಏಳೆಂಟು ವರ್ಷ ಬಟ್ಟೆ ಹೊದ್ದು ಕೂತಿದ್ದ ಪ್ಲೇಯರನ್ನು ತೆಗೆದು ಭೀಮಸೇನ ಜೋಶಿಯವರ ಸಿಡಿ ಹಾಕಿದೆ. ಮೊದಲ ರಾಗ ಪೂರ್ತಿ ಬಂತು. ಎರಡನೆಯ ರಾಗದಲ್ಲಿ ದ್ರುತ್ ಏರುತ್ತಿರುವಾಗ ಟಕ್ ಅಂತ ಎಲ್ಲೋ ಮುಂದಕ್ಕೆ ಹೋಯಿತು. ಅರ್ಧ ಗಂಟೆಯಿಂದ ಕಟ್ಟಿಕೊಂಡು ಬಂದ ರಾಗ ಅಲ್ಲಿಗೆ ಮುರಿದ ಹಾಗಾಯಿತು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಬೇರೆ ಸಿಡಿ ಹಾಕಿದರೂ 40ನೇ ನಿಮಿಷದ ಆಚೀಚೆ ಅದೇ ಕಥೆ. ಮೂರನೆಯದರಲ್ಲೂ ಅಷ್ಟೇ.

ಬೇರೆ ಬೇರೆ ಸಿಡಿಗಳು, ಆದರೆ ಹಾರುವ ಜಾಗ ಒಂದೇ. ಲೇಸರ್ ಸತ್ತಿದ್ದರೆ ಹೀಗಾಗುವುದಿಲ್ಲ ಅಲ್ವಾ? ಅದು ಎಲ್ಲ ಕಡೆಯೂ ತಡವರಿಸಬೇಕಿತ್ತು. ಬಿಚ್ಚಿ ನೋಡಿದರೆ ಪಿಕಪ್ ಜಾರುವ ಉಕ್ಕಿನ ಸರಳಿನ ಮೇಲೆ ಗ್ರೀಸ್ ಗಟ್ಟಿಯಾಗಿ ಹಳೆಯ ಮೇಣದ ಹಾಗೆ ಕೂತಿತ್ತು. ಬೆರಳಲ್ಲಿ ಒರೆಸಿದರೆ ಬರಲಿಲ್ಲ, ಉಗುರಲ್ಲಿ ಕೆರೆಯಬೇಕಾಯಿತು.

ಪಿಕಪ್ ಅಂದರೆ ಲೇಸರ್, ಲೆನ್ಸ್ ಎರಡೂ ಇರುವ ಪುಟ್ಟ ಪೆಟ್ಟಿಗೆ. ಅಂಗಡಿಯವರು ಲೆನ್ಸ್ ಅನ್ನುವುದು ಈ ಇಡೀ ಪೆಟ್ಟಿಗೆಗೆ. ಹಾಡು ಮುಂದೆ ಹೋದ ಹಾಗೆ ಮೊದಲು ಲೆನ್ಸ್ ಮಾತ್ರ ತನ್ನ ಸಣ್ಣ ಸ್ಪ್ರಿಂಗ್ ಮೇಲೆ ಸ್ವಲ್ಪ ಸ್ವಲ್ಪ ಹೊರಕ್ಕೆ ವಾಲುತ್ತದೆ. ಇನ್ನು ವಾಲಲು ಆಗುವುದಿಲ್ಲ ಅನ್ನುವಾಗ ಒಂದು ಸಣ್ಣ ಮೋಟರ್ ಇಡೀ ಪಿಕಪ್ಪನ್ನು ಒಂಚೂರು ಮುಂದೆ ತಳ್ಳುತ್ತದೆ. ಗ್ರೀಸ್ ಗಟ್ಟಿಯಾಗಿದ್ದರೆ ಪಿಕಪ್ ಅಲ್ಲೇ ಅಂಟಿಕೊಳ್ಳುತ್ತದೆ. ಮೋಟರ್ ಒತ್ತುತ್ತಲೇ ಇರುತ್ತದೆ. ಕೊನೆಗೆ ಒಮ್ಮೆಲೇ ಬಿಟ್ಟುಕೊಂಡು ನೂರಾರು ಸುತ್ತು ದಾಟಿ ಹೋಗುತ್ತದೆ. ನಮಗೆ ಕೇಳಿಸುವುದು ಆ ಟಕ್.

ಇದನ್ನು ಮನೆಯಲ್ಲೇ ಸರಿ ಮಾಡಬಹುದು. ಪ್ಲಗ್ ತೆಗೆದು ಕಾಲು ಗಂಟೆ ಬಿಡಿ, ಒಳಗೆ 230 ವೋಲ್ಟ್ ಬರುವ ಜಾಗವಿದೆ. ಆಮೇಲೆ ಮೇಲಿನ ಮುಚ್ಚಳ ಬಿಚ್ಚಿ. ಗೇರನ್ನು ಬೆರಳಲ್ಲಿ ತಿರುಗಿಸಿ ಪಿಕಪ್ಪನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿ. ಎಲ್ಲಿ ಬಿಗಿಯಾಗುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಸರಳು, ಗೇರಿನ ಹಲ್ಲು ಎರಡನ್ನೂ ಐಪಿಎ ಅದ್ದಿದ ಇಯರ್ ಬಡ್‌ನಲ್ಲಿ ಒರೆಸಿ, ಬಡ್ ಬೆಳ್ಳಗೆ ಬರುವವರೆಗೂ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ನಿಮ್ಮೂರಿನ ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ, ಕೇಳಿದರೆ ಒಂದು ಸಣ್ಣ ಬಾಟಲಿಯಲ್ಲಿ ಕೊಡುತ್ತಾರೆ. ಸರಳು ಒಣಗಿದ ಮೇಲೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಸವರಿ. ಗೇರಿಗೆ ಪ್ಲಾಸ್ಟಿಕ್‌ಗೆ ಹೊಂದುವ ಬಿಳಿ ಗ್ರೀಸ್, ಕಡಲೆ ಗಾತ್ರಕ್ಕಿಂತ ಕಡಿಮೆ. ಜಾಸ್ತಿ ಹಾಕಿದರೆ ಧೂಳು ಹಿಡಿದು ಮತ್ತೆ ಅದೇ ಗತಿ. ತೆಂಗಿನೆಣ್ಣೆ ಮಾತ್ರ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಅದರ ಹನಿ ಲೆನ್ಸಿನ ಮೇಲೆ ಹಾರುತ್ತದೆ.

ಕೆಲವು ಹಳೆಯ ಫಿಲಿಪ್ಸ್ ಯಂತ್ರಗಳಲ್ಲಿ ಸರಳು ಇರುವುದೇ ಇಲ್ಲ. ಲೆನ್ಸ್ ಒಂದು ತೋಳಿನ ತುದಿಯಲ್ಲಿದ್ದು ಗಡಿಯಾರದ ಲೋಲಕದಂತೆ ವಾಲುತ್ತದೆ. ನಿಮ್ಮದು ಅಂಥದ್ದಾದರೆ ಈ ಗ್ರೀಸಿನ ಮಾತು ಅದಕ್ಕೆ ಬರುವುದಿಲ್ಲ.

ನಿಮ್ಮ ಹಾಳೆಯಲ್ಲಿ ಬೇರೆ ಥರ ಬಂದಿದ್ದರೆ? ಒಂದೇ ಸಿಡಿ ಒಂದೇ ಜಾಗದಲ್ಲಿ ಹಾರಿದರೆ ತಪ್ಪು ಸಿಡಿಯದು. ಅದನ್ನು ಒದ್ದೆ ಮೆತ್ತನೆ ಬಟ್ಟೆಯಲ್ಲಿ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ಒರೆಸಿದರೆ ಗೀರು ಸುರುಳಿಯ ಉದ್ದಕ್ಕೇ ಬೀಳುತ್ತದೆ, ಪ್ಲೇಯರ್ ಅದನ್ನು ಸರಿಪಡಿಸಿಕೊಳ್ಳಲಾರದು.

ಎಲ್ಲ ಸಿಡಿಯೂ ಎಲ್ಲೆಂದರಲ್ಲಿ ಹಾರಿದರೆ ಮೊದಲು ಲೆನ್ಸ್ ಒರೆಸಿ. ಬಡ್‌ಗೆ ಐಪಿಎ ತಾಗಿಸಿ, ಹಿಂಡಿ, ಹೂವಿನ ಎಸಳು ಮುಟ್ಟಿದ ಹಾಗೆ ಮುಟ್ಟಿ. ಕೆಳಗೆ ಒತ್ತಬೇಡಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಲೆನ್ಸ್ ಸಾಮಾನ್ಯವಾಗಿ ಪ್ಲಾಸ್ಟಿಕ್, ಮಂಜಾಗಿಬಿಡುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಲೆನ್ಸ್ ಮೇಲೆ ತೆಳ್ಳಗೆ ಪೊರೆ ಕಟ್ಟುವುದುಂಟು. ಎಷ್ಟೋ ಸಲ ಇಷ್ಟು ಒರೆಸಿದರೆ ಸಾಕಾಗುತ್ತದೆ.

ಶುರುವಿನ ಹಾಡುಗಳೇ ತಡವರಿಸಿ ಕೊನೆಯವು ಚೆನ್ನಾಗಿ ಬಂದರೆ ನನಗೆ ಅನುಮಾನ ಬರುವುದು ಡಿಸ್ಕ್ ತಿರುಗಿಸುವ ಮೋಟರ್ ಮೇಲೆ. ಜಾಸ್ತಿ ವೇಗ ಬೇಕಿರುವುದು ಅಲ್ಲೇ ಅಲ್ವಾ. ಆ ಮೋಟರ್ ಬದಲಿಸುವುದಾದರೆ ಸಿಡಿ ಕೂರುವ ಪುಟ್ಟ ತಟ್ಟೆಯನ್ನು ಕೀಳುವ ಮೊದಲು ಅದರ ಎತ್ತರ ಅಳೆದು ಬರೆದಿಡಿ. ಹೊಸ ಮೋಟರಿಗೂ ಅದೇ ಎತ್ತರದಲ್ಲಿ ಕೂರಿಸಬೇಕು, ಇಲ್ಲದಿದ್ದರೆ ಲೆನ್ಸಿಗೆ ಫೋಕಸ್ ಸಿಗುವುದಿಲ್ಲ.

ಇನ್ನೊಂದು ಇದೆ, ಇದರಲ್ಲಿ ನಾನೇ ಒಮ್ಮೆ ದಾರಿ ತಪ್ಪಿದ್ದೆ. ಅರ್ಧ ಗಂಟೆಯ ಮೇಲೆ ಹಾರುತ್ತದೆ ಅಂದರೆ ಅದು ಜಾಗದ ತೊಂದರೆಯೂ ಇರಬಹುದು, ಬಿಸಿಯ ತೊಂದರೆಯೂ ಇರಬಹುದು. ಹಾರಲು ಶುರುವಾದ ತಕ್ಷಣ ಮೊದಲನೆಯ ಟ್ರ್ಯಾಕ್ ಹಾಕಿ. ಅದೂ ಹಾರಿದರೆ ಬಿಸಿಯಿಂದಲೇ, ಅಂದರೆ ಬೋರ್ಡಿನಲ್ಲಿ ಎಲ್ಲೋ ಬಿರುಕು ಬಿಟ್ಟ ಸೋಲ್ಡರ್ (ಬೆಸುಗೆ) ಅಥವಾ ಒಣಗಿದ ಕೆಪಾಸಿಟರ್. ಅದನ್ನು ಕೆಲಸ ಗೊತ್ತಿರುವವರಿಗೇ ಕೊಡಿ.

ಬರ್ನ್ ಮಾಡಿದ ಸಿಡಿ ಯಾಕೆ ಬೇಡ ಅಂದೆ ಅಂದರೆ, ಅದು ಬೆಳಕನ್ನು ವಾಪಸ್ ಕೊಡುವುದು ಕಂಪನಿಯ ಸಿಡಿಗಿಂತ ಕಡಿಮೆ. ಮತ್ತೆ ಮತ್ತೆ ಬರೆಯಬಹುದಾದ ಸಿಡಿಯಂತೂ 15ರಿಂದ 25 ಶೇಕಡಾ ಮಾತ್ರ ಕೊಡುತ್ತದೆ. ಆರೋಗ್ಯವಾಗಿರುವ ಹಳೆಯ ಪ್ಲೇಯರ್ ಕೂಡ ಅದರ ಮುಂದೆ ಸೋಲುತ್ತದೆ.

ಒಳಗೆ ಸಣ್ಣ ಸಣ್ಣ ತಿರುಗಿಸುವ ಸ್ಕ್ರೂಗಳು ಕಾಣುತ್ತವೆ. ಕೆಲವು ಬೋರ್ಡಿನ ಮೇಲೆ, ಒಂದು ಪಿಕಪ್ ಮೇಲೆಯೇ. ಕೈ ತುರಿಸುತ್ತದೆ, ನನಗೆ ಗೊತ್ತು. ಮುಟ್ಟಬೇಡಿ. ಪಿಕಪ್ ಮೇಲಿರುವುದು ಲೇಸರಿನ ಶಕ್ತಿಯದು. ಅದನ್ನು ಏರಿಸಿದರೆ ನಾಲ್ಕು ದಿನ ಚೆನ್ನಾಗಿ ಹಾಡಿ ಲೇಸರ್ ಸುಟ್ಟುಹೋಗುತ್ತದೆ. ಅಳತೆಯ ಯಂತ್ರವಿಲ್ಲದೆ ಇವನ್ನು ತಿರುಗಿಸಿ ಹಾಳಾದ ಪ್ಲೇಯರ್‌ಗಳೇ ಜಾಸ್ತಿ ಅಂತ ನನ್ನ ಅನಿಸಿಕೆ. ಮುಚ್ಚಳ ತೆಗೆದು ಓಡಿಸುವಾಗ ಲೆನ್ಸಿನೊಳಗೆ ಇಣುಕಲೂ ಬೇಡಿ. ಅದರ ಬೆಳಕು 780 ನ್ಯಾನೊಮೀಟರಿನದು, ನಮ್ಮ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಮಂದವಾಗಿ ಕೆಂಪಗೆ ಕಂಡರೆ ಅಷ್ಟೇ ಇದೆ ಅಂದುಕೊಳ್ಳಬೇಡಿ.

ಇಷ್ಟೆಲ್ಲ ಆದ ಮೇಲೂ ಸರಿಯಾಗದಿದ್ದರೆ ಆಗ ಪಿಕಪ್ ಹುಡುಕೋಣ. ಅದರ ಮೈಮೇಲೆ ಕೆಎಸ್‌ಎಸ್-240ಎ ಅನ್ನುವ ಥರ ಒಂದು ನಂಬರ್ ಇರುತ್ತದೆ. ಒಂದೇ ನಂಬರಿನ ಪಿಕಪ್ ಬೇರೆ ಬೇರೆ ಕಂಪನಿಗಳ ಪ್ಲೇಯರ್‌ನಲ್ಲಿ ಇರುವುದುಂಟು. ಹಾಗಾಗಿ ಪ್ಲೇಯರ್ ಹೆಸರು ಹೇಳಿ "ಸಿಗಲ್ಲ" ಅನ್ನಿಸಿಕೊಳ್ಳುವುದಕ್ಕಿಂತ ಈ ನಂಬರ್ ಹಿಡಿದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಾಲ್ಕು ಅಂಗಡಿ ಕೇಳಿ. ಹೊಸ ಪಿಕಪ್ಪಿನಲ್ಲಿ ನಮ್ಮ ಮೈಯಿಂದ ತಾಗುವ ಸ್ಥಿರ ವಿದ್ಯುತ್ತಿಗೆ ಲೇಸರ್ ಹಾಳಾಗದಿರಲಿ ಅಂತ ಒಂದು ಚುಕ್ಕಿ ಸೋಲ್ಡರ್ ಹಾಕಿರುವುದುಂಟು. ಕೇಬಲ್ ಜೋಡಿಸಿದ ಮೇಲೆ ಅದನ್ನು ತೆಗೆಯಬೇಕು. ತೆಗೆಯಲು ಮರೆತು "ಹೊಸದೂ ಸತ್ತಿದೆ" ಅಂದುಕೊಳ್ಳುವವರು ಬಹಳ.

ಮೊದಲು ಮೂರು ಸಿಡಿ ಓಡಿಸಿ, ಎಷ್ಟನೇ ನಿಮಿಷಕ್ಕೆ ಹಾರಿತು ಅಂತ ನನಗೆ ತಿಳಿಸಿ. ಪ್ಲೇಯರ್ ಹಿಂದೆ ಇರುವ ಮಾಡೆಲ್ ನಂಬರನ್ನೂ ಬರೆಯಿರಿ. ಒಟ್ಟಿಗೆ ನೋಡೋಣ.