ಲ್ಯಾಬ್ (ಲ್ಯಾಬ್ರಡಾರ್) ನಾಯಿಗೆ ಮೊಸರನ್ನ, ರಾಗಿಮುದ್ದೆ ಅಷ್ಟೇ ಸಾಕಾ?
4 ವರ್ಷದ ಲ್ಯಾಬ್, 28 ಕೆಜಿ, ದಿನಾ ಮೊಸರನ್ನ ಇಲ್ಲಾ ರಾಗಿಮುದ್ದೆ ಹಾಕ್ತೀವಿ ಸಾಕಾ ಅಂತ ಕೇಳಿದ್ರಲ್ಲ ಸರ್, ಸಾಕಾಗಲ್ಲ. ಹೊಟ್ಟೆ ತುಂಬುತ್ತೆ ಅಷ್ಟೇ, ಪ್ರೋಟೀನ್ ಎಲ್ಲಿಂದ ಬರ್ಬೇಕು? ಅರ್ಧದಷ್ಟಾದ್ರೂ ಬೇಯಿಸಿದ ಚಿಕನ್, ಮೊಟ್ಟೆ ಇರ್ಲಿ, ಉಳಿದಿದ್ದು ಅನ್ನ, ಕ್ಯಾರೆಟ್, ಸಿಹಿಗುಂಬಳ, ವಾರಕ್ಕೊಂದೆರಡು ಸಲ ಚೂರು ಲಿವರ್.

ಎಲ್ರೂ ಮರೆಯೋದು ಕ್ಯಾಲ್ಸಿಯಂ. ರಾಗೀಲಿ ಇದ್ಯಲ್ಲ ಅಂತೀರಾ, 100 ಗ್ರಾಂ ಹಿಟ್ಟಲ್ಲಿ ಇರೋದು ಸುಮಾರು 350 ಮಿಲಿಗ್ರಾಂ, ಇಷ್ಟು ದೊಡ್ಡ ನಾಯಿಗೆ ದಿನಕ್ಕೆ ಒಂದೂವರೆ ಗ್ರಾಂ ಹತ್ರ ಬೇಕು, ಅಷ್ಟು ಮುದ್ದೆ ನುಂಗ್ಸಿದ್ರೆ ಲ್ಯಾಬ್ ಊದ್ಕೊಳ್ಳುತ್ತೆ (ಮೊದ್ಲೇ ತಿಂಡಿಪೋತ ಜಾತಿ). ಮೊಟ್ಟೆ ಸಿಪ್ಪೆ ತೊಳ್ದು, ಹತ್ತು ನಿಮಿಷ ಕುದ್ಸಿ, ಚೆನ್ನಾಗಿ ಒಣಗ್ಸಿ ಮಿಕ್ಸೀಲಿ ಪುಡಿ ಮಾಡಿ, ಬೆರಳಲ್ಲಿ ಉಜ್ಜಿದ್ರೆ ತರಿ ಸಿಗಬಾರ್ದು, ದಿನಕ್ಕೆ ಮುಕ್ಕಾಲು ಟೀ ಸ್ಪೂನ್ ಊಟಕ್ಕೆ ಕಲಸಿ.

ಸಾರನ್ನ ಮಾತ್ರ ಬೇಡ್ವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಹಾಳ್ಮಾಡುತ್ತೆ. ಬೇಯಿಸಿದ ಮೂಳೆನೂ ಬೇಡ, ಚೂಪಾಗಿ ಸೀಳುತ್ತೆ. ಇಷ್ಟೆಲ್ಲಾ ಮಾಡಿದ್ರೂ ಜಿಂಕ್, ಅಯೋಡಿನ್, ವಿಟಮಿನ್ ಡಿ, ಇ ಕಮ್ಮಿ ಬೀಳುತ್ತೆ, ಅದಕ್ಕೆ ಯಾವ ಸಪ್ಲಿಮೆಂಟ್ ಎಷ್ಟು ಅಂತ ನಿಮ್ ವೆಟ್ ಹತ್ರ ಬರೆಸ್ಕೊಳ್ಳಿ. ಊಟ ಒಂದೇ ದಿನಕ್ಕೆ ಬದಲಾಯಿಸ್ಬೇಡಿ, ಒಂದು ವಾರ ಹಳೇದಕ್ಕೆ ಹೊಸದು ಬೆರೆಸ್ತಾ ಬನ್ನಿ, ಇಲ್ಲಾಂದ್ರೆ ಭೇದಿ ಗ್ಯಾರಂಟಿ.